ಎಡಮಗ್ಗುಲಿನಿಂದ ಅಜ್ಜನ ಓಟ

ಮಾರ್ಚ್ ೩, ಸೋಮವಾರ

ಮಲಗಬೇಕಂತೆ. ಎಡಮಗ್ಗುಲಿಗೆ. ಹೆರಿಗೆಯಾಗುವವರೆಗೆ. ಬಚ್ಚಲಿಗೆ ಎದ್ದು ಹೋಗಬಹುದು, ಊಟಕ್ಕೆ ದಿಂಬಿಗೊರಗಿ ಕೂರಬಹುದು, ಅಷ್ಟೇ. ಡಾಕ್ಟರಮ್ಮ ಇದನ್ನು ಬಹಳ ಮೃದುವಾಗಿ ಹೇಳಿದರು. ಮೃದುವಾಗಿ ಹೇಳಿದ್ದರಿಂದಲೇ ನನಗೆ ಹೆದರಿಕೆ ಇಮ್ಮಡಿಯಾಯಿತು. ಮಗುವಿನ ಬೆಳವಣಿಗೆ ತಿಂಗಳಿಗೆ ತಕ್ಕಷ್ಟಿಲ್ಲ, ಹೊಕ್ಕುಳ ಬಳ್ಳಿಯಲ್ಲಿ ರಕ್ತ ಸ್ವಲ್ಪ ನಿಧಾನವಾಗಿ ಹರಿಯುತ್ತಿದೆ. "ಭಯ ಪಡೋಂಥದ್ದೇನಿಲ್ಲ, ಆದ್ರೆ ಒಂದು ಕಣ್ಣಿಟ್ಟಿರೋಣ" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಭಯ ಪಡಬೇಕೋ ಬೇಡವೋ, ಅದನ್ನಾದರೂ ನೆಟ್ಟಗೆ ಹೇಳಬಾರದೇ?

ಈಗ ಏಳು ತುಂಬಿದೆ. ಹೋದ ಸಲದ್ದು ಎಂಟರಲ್ಲಿ ಹೋಯಿತು. ಒಳಗೇ, ಸದ್ದಿಲ್ಲದೆ, ಅದರ ಎದೆ ನಿಂತುಹೋಗಿತ್ತು. ಬರೆದಾಯಿತು, ಇನ್ನು ಅದರ ಬಗ್ಗೆ ಬರೆಯುವುದಿಲ್ಲ.

ಸಂಪಾದಕರಿಗೆ ಫೋನ್ ಮಾಡಿ ವಿಷಯ ಹೇಳಿದೆ. ನಮ್ಮದು ಕಂಪ್ಯೂಟರ್ ಪತ್ರಿಕೆ. ಹೊಸ ಗ್ರಾಫಿಕ್ಸ್ ಕಾರ್ಡು ಬಂದಾಗಲೆಲ್ಲ ಅದರ ಮೇಲೆ ಆಟಗಳನ್ನು ಓಡಿಸಿ, ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂದು ಅಳೆದು ಬರೆಯುವುದು ನನ್ನ ಕೆಲಸ. ವಿಶೇಷ ಸಂಚಿಕೆಗೆ ಈ ಸಲ ತಲೆಕೆಳಗಾದ ಕೆಲಸವೊಂದಿತ್ತು: ಇಪ್ಪತ್ತು ವರ್ಷದ ಹಿಂದಿನ ಗುಂಡು ಹಾರಿಸುವ ಆಟ ಈಗಿನ ಕಾರ್ಡುಗಳಲ್ಲಿ ಹೇಗೆ ಓಡುತ್ತದೆ ಎನ್ನುವುದು. ಬಾಹ್ಯಾಕಾಶದಲ್ಲಿ ತೇಲುವ ಪಾಳು ನಿಲ್ದಾಣ, ಒಬ್ಬನೇ ಸೈನಿಕ, ಗಾಳಿಕಿಂಡಿಯಿಂದ ಧುಮುಕುವ ವಿಕಾರ ಪ್ರಾಣಿಗಳು. ಕಚೇರಿಯಲ್ಲಿ ಆ ಆಟಕ್ಕೂ ಅದರ ಸೈನಿಕನಿಗೂ ನಾವಿಟ್ಟ ಹೆಸರು ಅಜ್ಜ.

"ನಿಂಗೆ ರಜೆ ಬೇಕಾ, ಅಜ್ಜ ಬೇಕಾ?" ಎಂದು ಕೇಳಿದರು.

ಅಜ್ಜ ಎಂದೆ. ಸೂರು ನೋಡುತ್ತ ಮಲಗಿದರೆ ನನಗೆ ಹುಚ್ಚು ಹಿಡಿಯುವುದು ಖಂಡಿತ.

ಮಾರ್ಚ್ ೫, ಬುಧವಾರ

ಯಂತ್ರ, ಪರದೆ, ಕಾರ್ಡುಗಳ ಪೆಟ್ಟಿಗೆಗಳು ಎಲ್ಲ ಬಂದವು. ಮಂಚದ ಕಾಲ ಬುಡದಲ್ಲಿ ಮೇಜು ಹಾಕಿಸಿ, ಮಲಗಿದಲ್ಲಿಂದಲೇ ಪರದೆ ಕಾಣುವಂತೆ ಮಾಡಿಸಿಕೊಂಡೆ. ಆಮೇಲೆ ಹೊಳೆಯಿತು ನನ್ನ ಪೆದ್ದುತನ. ಎಡಮಗ್ಗುಲಿಗೆ ಮಲಗಿದವಳ ಎಡಗೈ ಅವಳ ಕೆಳಗೇ ಸಿಕ್ಕಿಕೊಂಡಿರುತ್ತದೆ. ಕೀಲಿಮಣೆ ಒತ್ತುವುದು ಯಾವ ಕೈಯಲ್ಲಿ? ಕಾರ್ಡು ಬದಲಾಯಿಸುವುದು ಯಾರು? ಗಂಡ ಬೆಳಗಾದರೆ ಲಿಫ್ಟ್ ರಿಪೇರಿಗೆ ಹೋದವನು ಸಂಜೆಯೇ ಬರುವುದು.

ಉಳಿದವರು ಅತ್ತೆ. ನನ್ನನ್ನು ನೋಡಿಕೊಳ್ಳಲೆಂದು ಒಂದು ಚೀಲ, ಒಂದು ಸೂಜಿದಿಂಬು ಹಿಡಿದುಕೊಂಡು ಬಂದಿದ್ದಾರೆ. ಕೋಟು ಪ್ಯಾಂಟು ಬಿಗಿ ಸಡಿಲ ಮಾಡಿಕೊಡುವ ಅಂಗಡಿ ಇಟ್ಟಿದ್ದವರು, ಹೋದ ವರ್ಷ ಮುಚ್ಚಿದರು. ಮೌಸ್ ಮುಟ್ಟಿದ್ದು ಇವತ್ತೇ ಮೊದಲಂತೆ.

"ಇದನ್ನ ಇಲ್ಲಿ ಹಾಕೋದಾ?"

"ಅಲ್ಲ ಅತ್ತೆ, ಅದರ ಕೆಳಗಿನ ಸಂದಿಗೆ. ಚಿನ್ನದ ಹಲ್ಲು ಕೆಳಕ್ಕೆ ಬರ್ಬೇಕು."

"ಒತ್ಲಾ?"

"ಒತ್ತಿ."

"ಮುರಿದ್ರೆ?"

"ಮುರಿಯಲ್ಲ."

"ಆಮೇಲೆ ನನ್ನ ಬೈಬಾರ್ದು ಮತ್ತೆ."

ಕಟಕ್ ಎಂದು ಕೂತಿತು. ಕೈ ಚುರುಕು, ಅದನ್ನು ಒಪ್ಪಲೇಬೇಕು. ಆದರೆ ಆಟ ಶುರುವಾದ ಮೇಲೆ ದೇವರೇ ಗತಿ. ನನ್ನ ಪರೀಕ್ಷೆಗೆ ಒಂದೇ ನಿಯಮ: ನಿಲ್ದಾಣದ ಬಾಗಿಲಿನಿಂದ ಓಣಿ, ಓಣಿಯಿಂದ ಲಿಫ್ಟು, ಲಿಫ್ಟಿನಿಂದ ದೊಡ್ಡ ಹಜಾರ, ಹಜಾರದ ಆಚೆ ಬಾಗಿಲು. ಪ್ರತಿ ಕಾರ್ಡಿನಲ್ಲೂ ಅದೇ ದಾರಿ, ಅದೇ ನಡಿಗೆ, ಎಲ್ಲೂ ನಿಲ್ಲಬಾರದು. ಇಲ್ಲದಿದ್ದರೆ ಒಂದು ಕಾರ್ಡಿಗೂ ಇನ್ನೊಂದಕ್ಕೂ ಹೋಲಿಸುವುದೇ ಸುಳ್ಳಾಗುತ್ತದೆ. ಅತ್ತೆಯ ಕೈಯಲ್ಲಿ ಅಜ್ಜ ಮೊದಲು ಸೂರು ನೋಡುತ್ತ ಗೋಡೆಗೆ ಹಣೆ ಚಚ್ಚಿಕೊಂಡ. ಮೊದಲನೇ ಪ್ರಾಣಿ ಬಂದದ್ದೇ ಅತ್ತೆ ಎರಡೂ ಕೈ ಬಿಟ್ಟು ಮುಖ ಮುಚ್ಚಿಕೊಂಡು "ಅಯ್ಯೋ, ಹೋಗೇ ಆಚೆ!" ಎಂದು ಕೂಗಿದರು. ಅದು ಹೋಗಲಿಲ್ಲ, ಅಜ್ಜನನ್ನೇ ಮುಗಿಸಿತು.

ಒಂದೇ ಒಂದು ಅಂಕಿಯೂ ಕೈಗೆ ಬರಲಿಲ್ಲ. ಮಗು ಮಧ್ಯಾಹ್ನ ಆರು ಸಲ ಒದೆಯಿತು, ಸಂಜೆ ನಾಲ್ಕು. ಯಾಕೆ ಕಡಿಮೆಯಾಯಿತು?

ಮಾರ್ಚ್ ೮, ಶನಿವಾರ

ಆಸ್ಪತ್ರೆಗೆ ಹೋಗಿ ಬಂದೆವು. ಇನ್ನು ಮೇಲೆ ಬುಧವಾರ, ಶನಿವಾರ ಹೋಗಬೇಕು. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಇಳಿಸುತ್ತಾರೆ. ನಾನು ಆ ಗೆರೆಯನ್ನೇ ನೋಡುತ್ತ ಮಲಗಿದ್ದೆ.

ಗರಗಸದ ಹಲ್ಲಿನ ಹಾಗಿತ್ತು. ಮೇಲೆ, ಕೆಳಗೆ, ಮತ್ತೆ ಮೇಲೆ. ಒಂದು ಕ್ಷಣವೂ ಸಮನಾಗಿರಲಿಲ್ಲ. ಹನ್ನೊಂದು ವರ್ಷದಿಂದ ಗೆರೆ ನೋಡುವುದೇ ನನ್ನ ಅನ್ನ. ಒಳ್ಳೆಯ ಕಾರ್ಡಿನ ವೇಗದ ಗೆರೆ ಮಲಗಿದ ಹಾಗೆ ನೇರವಾಗಿರುತ್ತದೆ. ಹೀಗೆ ಕುಣಿಯುವ ಗೆರೆ ಕಂಡರೆ "ಇದನ್ನು ಕೊಳ್ಳಬೇಡಿ" ಎಂದು ಬರೆದು ಸಹಿ ಹಾಕುವವಳು ನಾನು. ಸರಾಸರಿ ಎಷ್ಟಾದರೂ ಇರಲಿ, ಮುಗ್ಗರಿಸುವ ಕಾರ್ಡು ಒಂದು ದಿನ ಕೈ ಕೊಟ್ಟೇ ಕೊಡುತ್ತದೆ.

ನರ್ಸಮ್ಮ ಕಾಗದ ಹರಿದು ಕಡತಕ್ಕೆ ಸೇರಿಸಿ "ಸರಿ, ಬುಧವಾರ ಬನ್ನಿ" ಎಂದರು. ಅಷ್ಟೇ. ಮುಖ ನೋಡಿದರೆ ಏನೂ ತಿಳಿಯಲಿಲ್ಲ. ಬಸುರಿಗೆ ಯಾಕೆ ಗಾಬರಿ ಅಂತ ಮುಚ್ಚಿಟ್ಟಿರಬೇಕು.

ನಾನೂ ಕೇಳಲಿಲ್ಲ. ಗೊತ್ತಿರುವುದನ್ನೇ ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ. ಗಂಡನಿಗೂ ಹೇಳಲಿಲ್ಲ. ಹೋದ ಸಲದ ಮೇಲೆ ಇವನು ಮತ್ತೆ ನಗುವುದನ್ನು ಕಲಿತದ್ದೇ ಮೊನ್ನೆ ಮೊನ್ನೆ.

ಮಾರ್ಚ್ ೧೦, ಸೋಮವಾರ

ಇವತ್ತು ಎಲ್ಲಕ್ಕಿಂತ ದೊಡ್ಡ ಕಾರ್ಡು. ತೂಕಕ್ಕೆ ಅತ್ತೆ ಎರಡೂ ಕೈಯಲ್ಲಿ ಹಿಡಿದು "ಕುಂಬಳಕಾಯಿ ಇದ್ದ ಹಾಗಿದೆಯಲ್ಲೇ" ಎಂದರು. ಅಜ್ಜ ಸೆಕೆಂಡಿಗೆ ನಾನೂರು ಚಿತ್ರಕ್ಕೂ ಮೇಲೆ ಹಾರಿದ. ಕಾರ್ಡಿಗೆ ಅದು ಏನೇನೂ ಅಲ್ಲ, ಕಾಲು ಚಾಚಿಕೊಂಡು ಕೂತಿದೆ. ಆಟ ಬರೆದವರ ಕಾಲದಲ್ಲಿ ಅರವತ್ತು ಚಿತ್ರ ಬಂದರೆ ಹಬ್ಬ.

ಅಜ್ಜ ಲಿಫ್ಟು ಹತ್ತಿದ. ಲಿಫ್ಟು ಮೇಲೇರಿತು. ಅಜ್ಜ ಸತ್ತ.

ಯಾರೂ ಹೊಡೆಯಲಿಲ್ಲ, ಪ್ರಾಣಿಯೂ ಬರಲಿಲ್ಲ. ನಿಂತಲ್ಲೇ ಸತ್ತುಬಿದ್ದ. ಮತ್ತೆ ಮಾಡಿಸಿದೆ, ಮತ್ತೆ ಸತ್ತ. ಅತ್ತೆಗೆ ಅಳುವೇ ಬಂತು. "ನಾನೇನೂ ಮಾಡ್ಲಿಲ್ಲ ಕಣೇ, ಸುಮ್ನೆ ನಿಂತಿದ್ದೆ."

ಅವರ ತಪ್ಪಲ್ಲ. ಹಳೆಯ ಆಟಗಳಲ್ಲಿ ಇದು ಇದ್ದದ್ದೇ. ಲಿಫ್ಟಿನ ನೆಲ ಎಷ್ಟು ಏರಿತು, ಮನುಷ್ಯನ ಕಾಲು ಎಲ್ಲಿದೆ ಎಂಬ ಲೆಕ್ಕವನ್ನು ಪ್ರತಿ ಚಿತ್ರಕ್ಕೊಮ್ಮೆ ಹಾಕುವಂತೆ ಬರೆದಿರುತ್ತಾರೆ. ಚಿತ್ರಗಳು ಹೀಗೆ ನುಗ್ಗಿ ಬಂದರೆ ಲೆಕ್ಕ ಹಳಿ ತಪ್ಪಿ, ನೆಲವೇ ಬಂದು ಗುದ್ದಿತು ಎಂದು ಆಟ ತಿಳಿದುಕೊಳ್ಳುತ್ತದೆ. ಸಂಜೆ ಇವನಿಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕ. "ಯಾವನು ಆ ಲಿಫ್ಟಿಗೆ ಸರ್ಟಿಫಿಕೇಟ್ ಕೊಟ್ಟೋನು? ನನ್ನ ಕರೆಸು, ಬೀಗ ಹಾಕಿ ಬರ್ತೀನಿ" ಎಂದ.

ಕಡಿವಾಣ ಹಾಕಿದೆ. ಅರವತ್ತಕ್ಕಿಂತ ಮೇಲೆ ಹೋಗಕೂಡದು ಎಂದು ಕಾರ್ಡಿಗೆ ಕಟ್ಟು ಮಾಡಿದೆ. ಅಜ್ಜ ಬದುಕಿದ, ಲಿಫ್ಟು ಇಳಿದು ಹಜಾರಕ್ಕೆ ಬಂದ. ಗೆರೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಬಂತು. ಅದನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡುತ್ತಲೇ ಇದ್ದೆ. ನನ್ನ ಒಳಗಿನದಕ್ಕೂ ಹೀಗೊಂದು ಕಟ್ಟು ಹಾಕುವ ಗುಂಡಿ ಎಲ್ಲಾದರೂ ಇದ್ದಿದ್ದರೆ!

ಆಮೇಲೆ ಹಜಾರದ ದೊಡ್ಡ ಕಿಟಕಿಯ ಮುಂದೆ ಅತ್ತೆ ಅಜ್ಜನನ್ನು ನಿಲ್ಲಿಸಿಬಿಟ್ಟರು. ಆಚೆ ನಕ್ಷತ್ರಗಳಿವೆ, ನೋಡುತ್ತಿದ್ದಾರೆ. ನಾನು ಕೂಗಾಡಿದೆ. "ನಿಲ್ಬೇಡಿ ಅಂದ್ರೆ ನಿಲ್ಬೇಡಿ! ಎಷ್ಟು ಸಲ ಹೇಳ್ಬೇಕು? ಎಲ್ಲಾ ಹಾಳಾಯ್ತು!" ಅವರು ಎದ್ದು ಸೂಪು ಬಿಸಿ ಮಾಡಲು ಹೋದರು. ಬಟ್ಟಲು ತಂದಿಟ್ಟಾಗಲೂ ಮುಖ ಎತ್ತಲಿಲ್ಲ.

ಮಾರ್ಚ್ ೧೧, ಮಂಗಳವಾರ

ನಾಳೆ ಮತ್ತೆ ಆ ಗೆರೆ ನೋಡಬೇಕು. ಊಟ ಸೇರಲಿಲ್ಲ. ಒದೆತ ಎಣಿಸುತ್ತಾ ಎಣಿಸುತ್ತಾ ತಪ್ಪಿಹೋಯಿತು. ಮೊದಲಿನಿಂದ ಎಣಿಸಿದೆ, ಮತ್ತೆ ತಪ್ಪಿತು.

ಮಾರ್ಚ್ ೧೨, ಬುಧವಾರ

ನಾನೊಬ್ಬಳು ಶತಮೂರ್ಖಳು.

ಪಟ್ಟಿ ಕಟ್ಟಿದರು, ಗರಗಸ ಶುರುವಾಯಿತು. ಹಲ್ಲು ಕಚ್ಚಿಕೊಂಡು ಮಲಗಿದ್ದವಳಿಗೆ ತಡೆಯದೆ ಅಳು ಒತ್ತರಿಸಿ ಬಂತು. ನರ್ಸಮ್ಮ ಗಾಬರಿಯಾಗಿ "ನೋವಾ? ಎಲ್ಲಿ?" ಎಂದರು. ನಾನು ಕಾಗದ ತೋರಿಸಿ, "ನಂಗೆಲ್ಲಾ ಗೊತ್ತಾಗುತ್ತೆ, ಮುಚ್ಚಿಡ್ಬೇಡಿ. ಎಷ್ಟು ದಿನ ಉಳಿಯುತ್ತೆ ಅಷ್ಟು ಹೇಳಿ" ಎಂದೆ.

ಅವರು ಕಾಗದ ನೋಡಿದರು, ನನ್ನ ಮುಖ ನೋಡಿದರು. "ಯಾಕಮ್ಮಾ, ಇದಕ್ಕೇನಾಗಿದೆ?"

"ಹೀಗೆ ಕುಣೀತಿದೆಯಲ್ಲ!"

"ಕುಣೀಬೇಕು ತಾಯಿ! ಮಗು ಅಂದ್ಮೇಲೆ ಕೈಕಾಲು ಆಡ್ಸುತ್ತೆ, ಎದೆ ಏರುತ್ತೆ, ಇಳಿಯುತ್ತೆ. ಇಷ್ಟು ಚೆನ್ನಾಗಿ ಏರಿಳೀತಾ ಇದ್ರೆ ಒಳಗೆ ಆರಾಮಾಗಿದೆ ಅಂತ ಅರ್ಥ. ನೇರ ಗೆರೆ ಬಂತು ಅಂದ್ರೆ ನಾವು ಓಡ್ಬೇಕಾಗೋದು. ಯಾರು ಹೇಳಿದ್ದು ನಿಮ್ಗೆ ಇದು ಕೆಟ್ಟದ್ದು ಅಂತ?"

ಯಾರೂ ಹೇಳಿರಲಿಲ್ಲ. ನಾಲ್ಕು ದಿನ ಒಬ್ಬಳೇ ಆ ಬೆಂಕಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಲಗಿದ್ದೆ. ಇವನಿಗೆ ಕಾರಿನಲ್ಲಿ ಹೇಳಿದೆ. ಇವನು ನಗಲೂ ಇಲ್ಲ, ಬೈಯಲೂ ಇಲ್ಲ. ದಾರಿ ಬದಿಗೆ ಕಾರು ನಿಲ್ಲಿಸಿ ಸ್ಟೀರಿಂಗಿನ ಮೇಲೆ ತಲೆ ಇಟ್ಟ. "ಇನ್ನೊಂದ್ಸಲ ಹೀಗೆ ಒಬ್ಬಳೇ ನುಂಗ್ಬೇಡ" ಎಂದ.

ಮನೆಗೆ ಬಂದು ಅತ್ತೆಗೂ ಹೇಳಿದೆ. ಮೊನ್ನೆ ಕೂಗಾಡಿದ್ದು ಯಾಕೆ ಎನ್ನುವುದನ್ನೂ ಸೇರಿಸಿ ಹೇಳಿದೆ. "ಹೋಗ್ಲಿ ಬಿಡು. ಹೊಟ್ಟೆಲಿ ಅಷ್ಟಿಟ್ಕೊಂಡು ಬೇರೆ ಹೇಗೆ ಮಾತಾಡ್ತೀಯಾ" ಎಂದರು. ಎರಡು ಮೊಟ್ಟೆ ತಿಂದೆ.

ಮಾರ್ಚ್ ೧೯, ಬುಧವಾರ

ಗೆರೆ ಚೆನ್ನಾಗಿ ಕುಣಿಯಿತು. ಮಗುವಿನ ತೂಕ ಸ್ವಲ್ಪವೇ ಏರಿದೆ. "ಸ್ವಲ್ಪ ಅಂದ್ರೂ ಏರಿದೆಯಲ್ಲ" ಎಂದರು ಡಾಕ್ಟರಮ್ಮ. ಅಷ್ಟರಲ್ಲಿ ಸಮಾಧಾನ ಪಡಬೇಕು. ಪಡಲಾಗುತ್ತಿಲ್ಲ, ಆದರೂ ಪಡಬೇಕು.

ಅಜ್ಜನ ವಿಷಯ. ಮುಖಪುಟದ ಪಟ್ಟಿಯಲ್ಲಿ, ಅಂದರೆ "ಆಟ ಶುರು ಮಾಡು" ಎಂದು ಕೇಳುತ್ತ ನಿಂತಿರುವಲ್ಲಿ, ಹೊಸ ಕಾರ್ಡು ಕುಯ್ಯೋ ಎಂದು ಕೂಗುತ್ತದೆ. ಮಾಡಲು ಏನೂ ಕೆಲಸವಿಲ್ಲದೆ ಅದೇ ಖಾಲಿ ಪುಟವನ್ನು ಸೆಕೆಂಡಿಗೆ ಸಾವಿರಾರು ಸಲ ಬಿಡಿಸುತ್ತಿರುತ್ತದೆ, ಒಳಗಿನ ಸುರುಳಿ ನಡುಗಿ ಆ ಸದ್ದು. ಆಟ ಶುರುವಾದರೆ ಸುಮ್ಮನಾಗುತ್ತದೆ. ಇದನ್ನು ಅತ್ತೆಗೆ ವಿವರಿಸಿದೆ.

"ಗೊತ್ತು ಬಿಡು" ಎಂದರು. "ಕೆಲ್ಸ ಇಲ್ದೆ ಮಲಗ್ಸಿದ್ರೆ ಎಲ್ಲಾರೂ ಕುಯ್ಗುಡ್ತಾರೆ. ಎರಡು ವಾರದಿಂದ ನೋಡ್ತಿಲ್ವಾ ನಾನು?"

ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹೊಟ್ಟೆ ಅಲುಗುತ್ತದೆ ಎಂದು ಭಯ, ಆದರೂ ನಗು.

ಅತ್ತೆ ಈಗ ಲಿಫ್ಟಿನವರೆಗೆ ತಡವರಿಸದೆ ಹೋಗುತ್ತಾರೆ. ಗುಂಡನ್ನೂ ಹೊಡೆಯುತ್ತಾರೆ, ಆದರೆ ಪ್ರತಿ ಸಲ "ಪಾಪ, ಏನ್ಮಾಡ್ಲಿ" ಎಂದೇ ಹೊಡೆಯುವುದು. ಎರಡು ಕಾರ್ಡಿನ ಅಂಕಿ ಸರಿಯಾಗಿ ಸಿಕ್ಕಿತು. ಆಮೇಲೆ ಕಿಟಕಿಯ ಹತ್ತಿರ ನಿಲ್ಲಿಸಿ "ಇವತ್ತಿನ ಕೆಲ್ಸ ಮುಗೀತಲ್ಲ, ಒಂಚೂರು ನೋಡ್ಕೊಳ್ಲಾ?" ಎಂದು ಕೇಳಿದರು. ನೋಡಿಕೊಳ್ಳಿ ಎಂದೆ.

ಮಾರ್ಚ್ ೨೪, ಸೋಮವಾರ

ಕೆಟ್ಟ ದಿನ. ಸಂಪಾದಕರು ಬೆಳಿಗ್ಗೆಯೇ ಫೋನ್ ಮಾಡಿ, ಎಲ್ಲ ಕಾರ್ಡಿನಲ್ಲೂ ದೊಡ್ಡ ಹಜಾರದ ಬಾಗಿಲಲ್ಲಿ ಗೆರೆ ಒಮ್ಮೆ ಕುಸಿಯುತ್ತದಲ್ಲ, ಯಾಕೆ ಎಂದು ಪೀಡಿಸಿದರು. ನೋಡುತ್ತೇನೆ ಎಂದೆ. ಅತ್ತೆಯನ್ನು ಆ ಬಾಗಿಲಲ್ಲಿ ಹತ್ತಾರು ಸಲ ಒಳಗೆ ಹೊರಗೆ ಓಡಾಡಿಸಿದೆ. ಚಿಕ್ಕ ಕಾರ್ಡು, ದೊಡ್ಡ ಕಾರ್ಡು, ಎಲ್ಲದರಲ್ಲೂ ಅಷ್ಟೇ ಕುಸಿತ.

ಮಧ್ಯಾಹ್ನ ಸಿಡುಕಿನಲ್ಲಿ ಬಾಯಿಂದ ಜಾರಿತು. "ಇಡೀ ಜೀವನ ಹೊಲಿದೋರು ನೀವು. ಬಂದಾಗಿನಿಂದ ಮಗೂಗೆ ಅಂತ ಒಂದು ತುಂಡು ಬಟ್ಟೆ ಹೊಲೀಲಿಲ್ಲ. ಇದು ಉಳಿಯಲ್ಲ ಅಂತ ನಿಮ್ಗೂ ಅನ್ಸಿದೆ, ಅಲ್ವಾ?"

ಅತ್ತೆ ಮೌಸಿನ ಮೇಲಿದ್ದ ಕೈ ತೆಗೆಯಲಿಲ್ಲ. ಪರದೆಯ ಕಡೆಗೇ ನೋಡುತ್ತ ಹೇಳಿದರು. "ಕೂಸು ಹುಟ್ಟೋಕ್ಮುಂಚೆ ಕುಲಾವಿ ಅಂತ ಜನ ಆಡ್ಕೊಳ್ತಾರೆ ಅಂತ ಅಲ್ಲ ಕಣೇ. ಹೋದ ಸಲ ಹೊಲಿದಿದ್ದೆ. ನಿಂಗೆ ತೋರ್ಸಿರ್ಲಿಲ್ಲ. ಟೋಪಿ, ಅಂಗಿ, ಎಲ್ಲಾ. ಆಮೇಲೆ ಏನ್ಮಾಡೋದು ಅವನ್ನ? ಇನ್ನೊಬ್ರಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ, ಬಿಸಾಕೋಕೆ ಕೈ ಬರ್ಲಿಲ್ಲ. ಕೂತ್ಕೊಂಡು ಒಂದೊಂದೇ ಹೊಲಿಗೆ ಬಿಚ್ಚಿದೆ. ಮತ್ತೆ ಬಿಚ್ಚೋ ಶಕ್ತಿ ನಂಗಿಲ್ಲ."

ಅಂಗಡಿ ಮುಚ್ಚಿದ್ದು ಮಂಡಿನೋವಿಗೆ ಎಂದು ಹೇಳಿದ್ದರು. ಇರಬಹುದು.

ಕೈ ಹಿಡಿಯೋಣವೆಂದರೆ ಮೇಜು ದೂರ, ನಾನು ಏಳುವಂತಿಲ್ಲ. "ಇಲ್ಲಿ ಬನ್ನಿ ಅತ್ತೆ" ಎಂದೆ. ಬಂದು ಮಂಚದ ತುದಿಗೆ ಕೂತರು. ಇಬ್ಬರೂ ಚೆನ್ನಾಗಿ ಅತ್ತೆವು. ಎರಡು ವರ್ಷವಾದರೂ ಆ ಮಗುವಿಗಾಗಿ ನಾನು ಇನ್ನೊಬ್ಬರ ಜೊತೆ ಅತ್ತಿರಲೇ ಇಲ್ಲ.

ಏಪ್ರಿಲ್ ೨, ಬುಧವಾರ

ಹೋದ ಸಲದ್ದು ನಿಂತದ್ದು ಇಷ್ಟನೇ ವಾರದಲ್ಲಿ. ಗೆರೆ ಪರವಾಗಿಲ್ಲ ಎಂದರು. ಮೊದಲಿನಷ್ಟು ಕುಣಿಯುತ್ತಿಲ್ಲ ಎಂದು ನನಗನ್ನಿಸಿತು, ಬಾಯಿಬಿಟ್ಟು ಹೇಳಿದೆ. ಡಾಕ್ಟರಮ್ಮ ಇನ್ನೊಮ್ಮೆ ಹಿಡಿದು ನೋಡಿ, "ಸಾಕಷ್ಟಿದೆ. ಶನಿವಾರ ಮತ್ತೆ ನೋಡೋಣ. ಒದೆತ ಕಡಿಮೆ ಅನ್ಸಿದ್ರೆ ಕಾಯ್ಬೇಡಿ, ಬಂದ್ಬಿಡಿ" ಎಂದರು.

ಮನೆಗೆ ಬಂದು ಮಲಗಿದೆ. ನಾನೇನೂ ಹೇಳದಿದ್ದರೂ ಅತ್ತೆ ಯಂತ್ರ ಹಚ್ಚಿ ಅಜ್ಜನನ್ನು ನಡೆಸಲು ಶುರು ಮಾಡಿದರು. ಓಣಿ, ಲಿಫ್ಟು, ಹಜಾರ, ಬಾಗಿಲು. ಬಾಗಿಲ ಆಚೆಗೂ ಹೋದರು. ಅಲ್ಲಿಗೆ ಹಿಂದೆಂದೂ ನಾವು ಹೋಗಿರಲಿಲ್ಲ. ಅಲ್ಲೊಂದು ತೋಟವಿದೆ, ಗಾಜಿನ ಮಾಡಿನ ಕೆಳಗೆ, ನಿಲ್ದಾಣದವರು ಬೆಳೆಸಿದ್ದು. ಈಗ ಕಾಡಾಗಿ ಬೆಳೆದಿದೆ. ಒಂದು ತಿಂಗಳಿಂದ ಈ ಆಟ ಅಳೆಯುತ್ತಿದ್ದೇನೆ, ತೋಟವಿದೆ ಎಂದೇ ನನಗೆ ಗೊತ್ತಿರಲಿಲ್ಲ. "ನೀರು ಹಾಕೋರಿಲ್ದೆ ಇಷ್ಟು ಬಂದಿದೆ ನೋಡು" ಎಂದರು ಅತ್ತೆ. ಸಂಜೆಯವರೆಗೆ ಅಲ್ಲೇ ಸುತ್ತಾಡಿದರು. ನಾನು ನೋಡುತ್ತ ಮಲಗಿದ್ದೆ. ಅಳೆಯುವ ಸಾಧನ ಹಚ್ಚಿರಲಿಲ್ಲವೆಂದು ಈಗ ಬರೆಯುವಾಗ ನೆನಪಾಯಿತು.

ಏಪ್ರಿಲ್ ೬, ಭಾನುವಾರ

ಲೇಖನ ಕಳಿಸಿದೆ. ಎರಡೇ ಮಾತು: ಅಜ್ಜ ಎಲ್ಲ ಕಾರ್ಡಿನಲ್ಲೂ ಓಡುತ್ತಾನೆ, ದೊಡ್ಡ ಕಾರ್ಡಿಗೆ ಅವನಿಗಾಗಿ ದುಡ್ಡು ಸುರಿಯಬೇಡಿ. ವೇಗಕ್ಕೆ ಕಡಿವಾಣ ಹಾಕಿ, ಇಲ್ಲವೆಂದರೆ ಲಿಫ್ಟಿನಲ್ಲಿ ಸಾಯುತ್ತೀರಿ.

ಸಂಪಾದಕರು ಫೋನ್ ಮಾಡಿದರು. "ಹಜಾರದ ಕುಸಿತಕ್ಕೆ ಏನ್ ಬರೀಲಿ? ದೋಷ ಅಂತ ಹಾಕ್ಲಾ?"

"ಬೇಡ. ಮುಂದಿನ ಜಾಗಾನ ಆಟ ಆಗ ತೆರೀತಿರುತ್ತೆ. ಅರೆಗಳಿಗೆ. ಯಾರಿಗೂ ತೊಂದ್ರೆ ಇಲ್ಲ."

"ನೀನಾ ಈ ಮಾತು ಹೇಳ್ತಿರೋದು? ಅರೆಗಳಿಗೆ ಮುಗ್ಗರಿಸಿದ್ರೆ ಕಾರ್ಡಿನ ಮರ್ಯಾದೆ ತೆಗೀತಿದ್ದೋಳು?"

ಜ್ವರವೇನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ.

ಏಪ್ರಿಲ್ ೯, ಬುಧವಾರ

ನಿನ್ನೆ ಸಂಜೆಯಿಂದ ಒದೆತ ಮಂದ. ಬೆಳಿಗ್ಗೆ ಸಿಹಿ ಪಾನಕ ಕುಡಿದು ಮಲಗಿ ನೋಡಿದೆ, ಒಂದು ಸಲ ಹೊರಳಿದ ಹಾಗಾಯಿತು, ಅಷ್ಟೇ. ಹೊರಟಿದ್ದೇವೆ. ಇವನು ಕಾರು ತೆಗೆಯುತ್ತಿದ್ದಾನೆ. ಅತ್ತೆ ನನ್ನ ಚಪ್ಪಲಿ ಹಾಕಿಸುತ್ತಿದ್ದಾರೆ.

ಏಪ್ರಿಲ್ ೧೨, ಶನಿವಾರ

ಕೂತು ಬರೆಯುತ್ತಿದ್ದೇನೆ. ಹೊಲಿಗೆ ಜಗ್ಗುತ್ತದೆ.

ಬುಧವಾರ ನಮ್ಮ ನರ್ಸಮ್ಮ ರಜೆ. ಹೊಸಬರೊಬ್ಬರು ಪಟ್ಟಿ ಕಟ್ಟಿದರು. ಗೆರೆ ಬರತೊಡಗಿತು. ಅಳತೆಪಟ್ಟಿ ಇಟ್ಟು ಎಳೆದ ಹಾಗೆ.

ಇವನು ಬಗ್ಗಿ ನೋಡಿ, ಪಾಪ, ನನಗೆ ಧೈರ್ಯ ತುಂಬಲೆಂದು, "ನೋಡು, ಎಷ್ಟು ನೀಟಾಗಿ ಬರ್ತಿದೆ! ಒಂಚೂರೂ ಅಲುಗ್ತಿಲ್ಲ" ಎಂದ. ಹನ್ನೊಂದು ವರ್ಷ ಮನೆಯಲ್ಲಿ ನನ್ನ ಬಾಯಿಂದ ಕೇಳಿದ್ದು ಅದನ್ನೇ ತಾನೆ. ನರ್ಸಮ್ಮ ಅವತ್ತು ಹೇಳಿದ್ದನ್ನು ಗಾಬರಿಯಲ್ಲಿ ಮರೆತಿದ್ದ.

"ಡಾಕ್ಟರನ್ನ ಕರೀರಿ" ಎಂದೆ.

ಹೊಸ ನರ್ಸು, "ಮಗು ನಿದ್ದೆ ಮಾಡ್ತಿರುತ್ತಮ್ಮ. ನಿದ್ದೇಲಿ ಹೀಗೆ ಬರುತ್ತೆ. ಸ್ವಲ್ಪ ಹೊತ್ತು ನೋಡೋಣ" ಎಂದಳು. ಸುಳ್ಳಲ್ಲ, ನಿದ್ದೆಯಲ್ಲೂ ಹಾಗೆ ಬರುತ್ತದಂತೆ. ತಣ್ಣೀರು ಕುಡಿಸಿದಳು, ಮಗ್ಗುಲು ಬದಲಿಸಿದಳು, ಹೊಟ್ಟೆಯ ಮೇಲೆ ಗುಂಯ್ಗುಡುವ ಯಂತ್ರ ಇಟ್ಟು ಎಬ್ಬಿಸಲು ನೋಡಿದಳು. ಗೆರೆ ಅಲುಗಲಿಲ್ಲ. ಇನ್ನೂ ಸ್ವಲ್ಪ ಕಾಯೋಣ ಎಂದಳು. ಗೆರೆ ಹಾಗೇ ಹೋಗುತ್ತಿತ್ತು, ಉದ್ದಕ್ಕೆ, ಅಷ್ಟು ಚೆಂದವಾಗಿ. ಅಂಥ ಗೆರೆಗಾಗಿ ನಾನು ಕಾರ್ಡುಗಳಿಗೆ ಬಹುಮಾನ ಕೊಟ್ಟಿದ್ದೇನೆ. ಬಿಳಿ ಕೋಟಿನವರ ಮುಂದೆ ಈವರೆಗೆ ದನಿ ಎತ್ತಿದವಳಲ್ಲ. ಆವತ್ತು ಕಿರುಚಿದೆ. "ಕಾಯೋಕಾಗಲ್ಲ! ಹೋದ ಸಲ ಕಾದಿದ್ದೆ! ಈಗಲೇ ಕರೀರಿ, ಇಲ್ಲಾಂದ್ರೆ ನಾನೇ ಎದ್ದು ಹೋಗ್ತೀನಿ!" ಎದ್ದೂ ಬಿಟ್ಟೆ. ಇವನು ಬಾಗಿಲು ತೆಗೆದು ಓಡಿದ.

ಡಾಕ್ಟರಮ್ಮ ಬಂದು ಕಾಗದವನ್ನು ಒಂದು ಮೊಳ ಎಳೆದು ನೋಡಿದರು. "ಥಿಯೇಟರ್ ರೆಡಿ ಮಾಡಿ. ಈಗಲೇ" ಎಂದರು. ಬೇರೆ ಮಾತಿಲ್ಲ.

ಥಿಯೇಟರಿನಲ್ಲಿ ಎದೆಗೆ ಅಡ್ಡ ಕಟ್ಟಿದ ಬಟ್ಟೆಯ ಆಚೆ ಅವರು ಏನೇನೋ ಮಾಡುತ್ತಿದ್ದರು. ನನಗೆ ಕೇಳಬೇಕಾದದ್ದು ಒಂದೇ ಸದ್ದು. ಅದು ಬರಲಿಲ್ಲ, ಬರಲಿಲ್ಲ, ಆಮೇಲೆ ಬಂತು. ಬೆಕ್ಕಿನ ಮರಿ ಕೂಗಿದಷ್ಟು. ಹೆಣ್ಣು ಎಂದರು. ಒಂದು ಕ್ಷಣ ತೋರಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಓಡಿದರು. "ಇನ್ನೊಂದು ದಿನ ಬಿಟ್ಟಿದ್ರೆ..." ಎಂದು ಡಾಕ್ಟರಮ್ಮ ಶುರು ಮಾಡಿ, ಮುಂದೆ ಹೇಳದೆ ನನ್ನ ಹಣೆ ಸವರಿದರು.

ಅವಳಿನ್ನೂ ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. ಗಂಡಾಂತರ ಕಳೆಯಿತು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ.

ಏಪ್ರಿಲ್ ೧೬, ಬುಧವಾರ

ಮಧ್ಯಾಹ್ನ ಇವನೂ ನಾನೂ ಒಳಗೆ ಹೋಗಲು ಬಿಟ್ಟರು. ಸೋಪು ಹಾಕಿ ಮೊಣಕೈವರೆಗೆ ತೊಳೆದು, ನಿಲುವಂಗಿ ತೊಟ್ಟು, ಪೆಟ್ಟಿಗೆಯ ಪಕ್ಕ ಕೂತೆವು. ದುಂಡು ಕಿಂಡಿಯಲ್ಲಿ ಕೈ ಹಾಕಿ ಮುಟ್ಟಬಹುದು ಎಂದರು. ಅವಳ ತಲೆ ನನ್ನ ಅಂಗೈಯಲ್ಲಿ ಕೂರುತ್ತದೆ. ಕಿವಿಯ ಅಂಚಿನಲ್ಲಿ ನವಿರಾದ ಕೂದಲಿದೆ, ಬೆನ್ನಿನ ಮೇಲೂ ಇದೆ. ಹುಬ್ಬು ಇನ್ನೂ ಬಂದಿಲ್ಲ, ಆದರೂ ಹುಬ್ಬು ಗಂಟಿಕ್ಕುತ್ತಾಳೆ. ಬೆರಳು ಕೊಟ್ಟರೆ ಹಿಡಿಯುತ್ತಾಳೆ, ಬಿಡಿಸಿಕೊಳ್ಳಲು ಹೋದರೆ ಬಿಡುವುದಿಲ್ಲ. ಸಿಡುಕಿ. ಯಾರ ಹಾಗೆ ಎಂದು ಇವನನ್ನು ಕೇಳಿದರೆ, "ನಾನು ಬಾಯಿ ಬಿಡಲ್ಲಪ್ಪ" ಎಂದ.

ಬಂದು ಮುಟ್ಟಿ ಎಂದು ಅತ್ತೆಗೆ ಹೇಳಿದ್ದೆವು. ಗಾಜಿನ ಆಚೆಗೇ ನಿಂತು, ನನ್ನ ಕೈ ಒರಟು ಎಂದು ಸನ್ನೆ ಮಾಡಿದರು. ನಾಳೆ ಕೈ ಹಿಡಿದು ಎಳೆದುಕೊಂಡು ಬರುತ್ತೇನೆ.

ಆಗಲೇ ಪೆಟ್ಟಿಗೆಯ ಮೇಲಿದ್ದ ಯಂತ್ರ ಇದ್ದಕ್ಕಿದ್ದಂತೆ ಬೊಬ್ಬೆ ಹೊಡೆಯತೊಡಗಿತು. ಕೆಂಪು ದೀಪ, ಕಿವಿ ಕೀಳುವ ಸದ್ದು. ಇವನು ಕುರ್ಚಿ ಉರುಳಿಸಿ ಎದ್ದುನಿಂತ. ಅತ್ತೆ ಗಾಜಿಗೆ ಎರಡೂ ಕೈ ಒತ್ತಿ ನಿಂತರು. ನರ್ಸು ಓಡಿ ಬರುತ್ತಿದ್ದಳು.

ಮಗಳು ಆಕಳಿಸುತ್ತಿದ್ದಳು. ಅಷ್ಟು ಸಣ್ಣ ಬಾಯಿ, ಅಷ್ಟು ದೊಡ್ಡ ಆಕಳಿಕೆ. ಕಾಲು ಝಾಡಿಸಿದ್ದಳು, ಪಾದಕ್ಕೆ ಸುತ್ತಿದ್ದ, ಎದೆಬಡಿತ ಅಳೆಯುವ ತಂತಿ ಕಳಚಿ ಹಾಸಿಗೆಯ ಮೇಲೆ ಬಿದ್ದಿತ್ತು. ಅದನ್ನೆತ್ತಿ ನರ್ಸಿನ ಕೈಗೆ ಕೊಟ್ಟೆ. ಮತ್ತೆ ಸುತ್ತಿದಳು, ಸದ್ದು ನಿಂತಿತು.

ಹೊರಗೆ ಬಂದ ಮೇಲೆ ಇವನು ನಿಲುವಂಗಿ ಬಿಚ್ಚುವುದನ್ನೂ ಮರೆತಿದ್ದ. "ಸೊನ್ನೆ ತೋರಿಸ್ತಿತ್ತು ಕಣೇ. ಸೊನ್ನೆ! ನಿಂಗೆ ಭಯ ಆಗ್ಲಿಲ್ವಾ?"

"ಎಲ್ಲಿ?" ಎಂದು ಕೇಳಿದೆ. ನಾನು ಆ ಯಂತ್ರದ ಕಡೆ ನೋಡಿಯೇ ಇರಲಿಲ್ಲ.